ಸಿನಗಾಗಿನಲ್ಲಿ ಕ್ರೈಸ್ತ ಅತಿಥಿ

ಪುಣೆಯ ಕ್ಯಾಂಪ್ ಭಾಗದಲ್ಲಿ ಎತ್ತರದ ಗೋಪುರವುಳ್ಳ ಕೆಂಪು ಇಟ್ಟಿಗೆಯ ಕಟ್ಟಡವೊಂದಿದೆ. ಹೊರಗಿನಿಂದ ಕಂಡವರು ಅದನ್ನು ಚರ್ಚೆಂದೇ ಭಾವಿಸುವುದುಂಟು. ಬಾಗ್ದಾದ್ ಮೂಲದ ವರ್ತಕ ಡೇವಿಡ್ ಸಸೂನ್ ಆರಂಭಿಸಿದ, 1867ರಲ್ಲಿ ಪೂರ್ಣಗೊಂಡ ಈ ಓಹೆಲ್ ಡೇವಿಡ್ ಯೆಹೂದ್ಯರ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ. ಜನರ ಬಾಯಲ್ಲಿ ಅದು 'ಲಾಲ್ ದೇವಳ'. ಮರಾಠಿಯ 'ದೇಊಳ', ಕನ್ನಡದ 'ದೇಗುಲ' ಎರಡೂ ಸಂಸ್ಕೃತದ 'ದೇವಕುಲ'ದಿಂದ ಬಂದವು.

ಇಂತಹ ಮಂದಿರದ ಶನಿವಾರದ ಬೆಳಗಿನ ಆರಾಧನೆಗೆ ಮೊದಲ ಬಾರಿ ಬರುವ ಕ್ರೈಸ್ತನಿಗೆ ಏನು ಕಾಣುತ್ತದೆ?

ಮೊದಲು ಕಾಣುವುದು ವ್ಯತ್ಯಾಸ. ಶಿಲುಬೆಯಿಲ್ಲ, ಪ್ರತಿಮೆಯಿಲ್ಲ. ಗಂಡಸರು ತಲೆ ಮುಚ್ಚಿಕೊಳ್ಳುತ್ತಾರೆ. ಚರ್ಚಿನಲ್ಲಾದರೋ ಗಂಡಸರು ಟೋಪಿ ತೆಗೆಯುವುದು ರೂಢಿ. ಸಾಂಪ್ರದಾಯಿಕ ಸಿನಗಾಗುಗಳಲ್ಲಿ ಸ್ತ್ರೀಯರ ಆಸನ ಪ್ರತ್ಯೇಕ. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ 10 ಮಂದಿ ಪ್ರಾಪ್ತವಯಸ್ಕ ಪುರುಷರು ಬೇಕು. ಹೀಬ್ರೂ ಬಲದಿಂದ ಎಡಕ್ಕೆ ಸಾಗುವುದರಿಂದ ಪ್ರಾರ್ಥನಾ ಪುಸ್ತಕವೂ ನಮಗೆ ಹಿಂದುಮುಂದಾಗಿ ತೆರೆಯುತ್ತದೆ. ಸಬ್ಬತ್ ದಿನವಾದ್ದರಿಂದ ಛಾಯಾಚಿತ್ರ ತೆಗೆಯುವುದು, ಬರೆದುಕೊಳ್ಳುವುದು, ಫೋನ್ ಬಳಸುವುದು ಸಲ್ಲವು.

ಅನಂತರ ಸಾಮ್ಯಗಳು ಕಿವಿಗೆ ಬೀಳತೊಡಗುತ್ತವೆ. 'ಆಮೆನ್', 'ಹಲ್ಲೆಲೂಯ' ಎಂಬ ಹೀಬ್ರೂ ಶಬ್ದಗಳು ತಮ್ಮ ತವರಿನಲ್ಲಿಯೇ ಕೇಳಿಸುತ್ತವೆ. ಅರಾಮಿಕ್ ಭಾಷೆಯ 'ಕದ್ದಿಷ್' ಪ್ರಾರ್ಥನೆ ದೇವನಾಮದ ಪಾವಿತ್ರ್ಯವನ್ನೂ ಆತನ ರಾಜ್ಯದ ಆಗಮನವನ್ನೂ ಕೋರುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯ ಆರಂಭದ ಆಶಯವೂ ಅದೇ. ಆರಾಧನೆಯ ಶಿಖರವೆಂದರೆ ತೋರಾ ವಾಚನ. ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಸುರುಳಿಯನ್ನು ಪವಿತ್ರ ಕಪಾಟಿನಿಂದ ಹೊರತರುವಾಗ ಸಭೆ ಎದ್ದು ನಿಲ್ಲುತ್ತದೆ. ಅಕ್ಷರಗಳನ್ನು ಬೆರಳಿನಿಂದ ಮುಟ್ಟದೆ, ಕೈಯಾಕಾರದ ತುದಿಯ ಕಡ್ಡಿಯಿಂದ ತೋರಿಸುತ್ತ ರಾಗವಾಗಿ ಓದುತ್ತಾರೆ. ಅದಾದ ಮೇಲೆ ಪ್ರವಾದಿಗಳ ಗ್ರಂಥದ ಒಂದು ಭಾಗ. ಯೇಸು ನಜರೇತಿನ ಸಿನಗಾಗಿನಲ್ಲಿ ಯೆಶಾಯನ ಗ್ರಂಥವನ್ನು ಓದಿದ ಲೂಕನ ಸುವಾರ್ತೆಯ ಸನ್ನಿವೇಶ ಆಗ ಕಣ್ಣಮುಂದೆ ನಿಲ್ಲದಿರದು.

ಅತಿಥಿಗೆ ನಿಜವಾದ ಪರೀಕ್ಷೆ ಎದುರಾಗುವುದು ಇಲ್ಲಿಯೇ. ತಾನು 'ಹಳೆಯ ಒಡಂಬಡಿಕೆ' ಎಂದು ಕರೆಯುವ ಗ್ರಂಥ ಇಲ್ಲಿ ಹಳೆಯದಲ್ಲ. ಯಾವುದರ ಪೀಠಿಕೆಯೂ ಅಲ್ಲ. ಅದು ಸ್ವಯಂಪೂರ್ಣ. ಯೇಸುವಿನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಿ ಶತಮಾನಗಳ ಕಾಲ ಅವರನ್ನು ಪೀಡಿಸಿದ ಇತಿಹಾಸ ಯುರೋಪಿನ ಕ್ರೈಸ್ತಲೋಕದ್ದು. ಆ ಆರೋಪವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ ಅಧಿಕೃತವಾಗಿ ನಿರಾಕರಿಸಿದ್ದು 1965ರಲ್ಲಿ. ಆದ್ದರಿಂದ ಪ್ರತಿ ವಾಕ್ಯದಲ್ಲಿಯೂ ತನ್ನ ಮತದ ಮುನ್ಸೂಚನೆಯನ್ನು ಹುಡುಕದೆ, ಅವರ ಗ್ರಂಥವನ್ನು ಅವರ ಧ್ವನಿಯಲ್ಲಿಯೇ ಕೇಳುವುದು ಅತಿಥಿಯ ಮೊದಲ ಕರ್ತವ್ಯ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮಹಾರಾಷ್ಟ್ರದ ಬೆನೆ ಇಸ್ರೇಲ್ ಯೆಹೂದ್ಯರ ಮನೆಮಾತು ಮರಾಠಿ. ಕೊಂಕಣದಲ್ಲಿ ಗಾಣ ನಡೆಸುತ್ತ ಶನಿವಾರ ಬಿಡುವು ಮಾಡುತ್ತಿದ್ದ ಅವರನ್ನು ನೆರೆಯವರು 'ಶನಿವಾರ್ ತೇಲಿ' ಎಂದರು. 19ನೆಯ ಶತಮಾನದಲ್ಲಿ ಅವರು ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನಗಳಾಗಿ ಹಾಡಿದರು. ಹೀಬ್ರೂ ಸ್ತುತಿಗೀತೆಗಳನ್ನು ಮರಾಠಿ ಬೈಬಲ್ 'ಸ್ತೋತ್ರಸಂಹಿತಾ' ಎಂದರೆ, ಕನ್ನಡ ಬೈಬಲ್ 'ಕೀರ್ತನೆಗಳು' ಎನ್ನುತ್ತದೆ. ಪರಧರ್ಮದ ಪಠ್ಯವನ್ನು ನಮ್ಮ ಭಾಷೆ ಯಾವ ಶಬ್ದದಿಂದ ಬರಮಾಡಿಕೊಂಡಿತು ಎಂಬುದನ್ನು ಗಮನಿಸಿರಿ. ಅನುವಾದಕನೂ ಒಂದು ಬಗೆಯ ಅತಿಥಿಯೇ. ಬಾಗಿಲಲ್ಲಿ ಪಾಲಿಸಬೇಕಾದ ವಿನಯ ಅವನಿಗೂ ಅನ್ವಯಿಸುತ್ತದೆ.