ಮನೆಯೊಳಗೊಂದು ಕಡಲು ಬೇಕೆ?

ರಾಯಚೂರಿನಿಂದ ಮಂತ್ರಾಲಯದ ದಾರಿ ಹಿಡಿದರೆ ಯರಗೇರಾ ಸಿಗುತ್ತದೆ. ಅಲ್ಲಿರುವ ನನ್ನ ತಂಗಿಯ ಮನೆಗೆ ಬೇಸಿಗೆಯಲ್ಲಿ ಹೋದಾಗ ಒಂದು ಸಣ್ಣ ರಾಮಾಯಣವೇ ನಡೆದಿತ್ತು. ಹತ್ತನೆಯ ತರಗತಿ ಪಾಸಾದ ಮಗನಿಗೆ ಜೀವಂತ ಹವಳ ಸಾಕುವ ಗಾಜಿನ ತೊಟ್ಟಿ ಬೇಕಂತೆ. ಮೊಬೈಲಿನಲ್ಲಿ ಕಂಡಿದ್ದಾನೆ.

"ಪಾಸಾದ್ರ ಕೇಳಿದ್ದು ಕೊಡಸ್ತೀನಿ ಅಂತ ಅವರಪ್ಪ ಮಾತು ಕೊಟ್ಟಾರ. ಈಗ ನೀನ ಹೇಳಕ್ಕ, ಏನ್ ಮಾಡ್ಲಿ?" ಎಂದಳು ತಂಗಿ.

ಕೊಟ್ಟ ಮಾತು ತಪ್ಪಬಾರದು, ನಿಜ. ಆದರೆ ಕೇಳಿದ ವಸ್ತು ಏನೆಂದು ಮೊದಲು ತಿಳಿಯಬೇಡವೇ? ನಿಮ್ಮ ಮನೆಯಲ್ಲೂ ಇಂಥ ಹಟ ಬಂದಿದ್ದರೆ ಸ್ವಲ್ಪ ಓದಿ ನೋಡಿ.

ಹವಳ ಕಲ್ಲಲ್ಲ

ತಾಳಿಯ ಜೊತೆ ಕೆಂಪು ಹವಳ ಪೋಣಿಸಿಕೊಳ್ಳುವ ನಾವು ಹವಳವೆಂದರೆ ಕಲ್ಲು ಎಂದೇ ತಿಳಿದಿರುತ್ತೇವೆ. ಅಲ್ಲ, ಅದು ಪ್ರಾಣಿ ಕಟ್ಟಿದ ಗೂಡು. ಒಡವೆಯ ಹವಳ ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದು, ಅದರ ಜಾತಿ ಬೇರೆ. ತೊಟ್ಟಿಯಲ್ಲಿ ಸಾಕುವಂಥವು ಬಂಡೆ ಕಟ್ಟುವ ಹವಳಗಳು ಮತ್ತು ಅವುಗಳ ನೆಂಟರು. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬೆಳಕಿನಲ್ಲಿ ಪಾಚಿ ಆಹಾರ ತಯಾರಿಸುತ್ತದೆ, ಹವಳ ಅದನ್ನು ಉಣ್ಣುತ್ತದೆ. ನೀರು ಕಾದರೆ ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗಿ ಹಸಿಯುತ್ತದೆ. ಹಾಗೆಯೇ ಬಹಳ ದಿನ ಉಳಿದರೆ ಸಾಯುತ್ತದೆ.

ಇಡುವ ಕ್ರಮ

ಹವಳ ಸಾಕುವುದರಲ್ಲಿ ಪಳಗಿದವರು ಚಂದ ಕಂಡಲ್ಲಿ ಇಡುವುದಿಲ್ಲ, ಅದಕ್ಕೆ ಏನು ಬೇಕೋ ಅದು ಸಿಗುವಲ್ಲಿ ಇಡುತ್ತಾರೆ. ಸಣ್ಣ ಕೊಂಬೆಗಳಂಥ ಹವಳಕ್ಕೆ ಪ್ರಖರ ಬೆಳಕೂ ರಭಸದ ನೀರೂ ಬೇಕು, ಅದಕ್ಕೆ ಕಲ್ಲಿನ ತುದಿ. ದಪ್ಪ ಮಾಂಸಲ ಹವಳಕ್ಕೆ ರಭಸ ತಾಗಿದರೆ ಮೈ ಹರಿಯುತ್ತದೆ, ಅದಕ್ಕೆ ನಡುವಿನ ಅಥವಾ ಕೆಳಗಿನ ಜಾಗ. ಅಣಬೆಯಂಥವು ಬುಡದ ಮಬ್ಬಿನಲ್ಲೂ ಸುಖವಾಗಿರುತ್ತವೆ. ಇನ್ನೊಂದು ಮಾತು: ಕೆಲವು ಹವಳಗಳು ರಾತ್ರಿ ಉದ್ದನೆಯ ಎಳೆ ಚಾಚಿ ನೆರೆಯವರನ್ನು ಕುಟುಕುತ್ತವೆ. ಅದಕ್ಕೇ ನಡುವೆ ಒಂದು ಗೇಣು ಜಾಗ ಬಿಡುತ್ತಾರೆ. ಸಣ್ಣ ತೊಟ್ಟಿಯಲ್ಲಿ ಅಷ್ಟು ಜಾಗವೆಲ್ಲಿಂದ ಬರಬೇಕು?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಂನಂತೆ ಸುಮಾರು 2 ಕಿಲೋ ಕಡಲುಪ್ಪಿನ ಮಿಶ್ರಣ ಬೇಕು. ಅಡಿಗೆಯ ಉಪ್ಪು ನಡೆಯದು, ಅದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ನೀರು ಆರಿದಂತೆ ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿದು ಖಾರವಾಗುತ್ತ ಹೋಗುತ್ತದೆ. ದಿನದಿನವೂ ಸಿಹಿನೀರು ಸೇರಿಸಿ ಸರಿದೂಗಿಸಬೇಕು.

ನಮ್ಮ ಸೆಕೆ, ನಮ್ಮ ಕರೆಂಟು

ಹವಳಕ್ಕೆ ಒಗ್ಗುವುದು 24ರಿಂದ 27 ಡಿಗ್ರಿ. ನಮ್ಮ ಕಡೆ ಬೇಸಿಗೆ 40 ದಾಟುತ್ತದೆ. ಅಂದರೆ ನೀರು ತಂಪುಮಾಡುವ ಯಂತ್ರ ಹಗಲಿರುಳು ಓಡಬೇಕು. ಅರ್ಧ ದಿನ ಕರೆಂಟು ಹೋದರೆ ಪಂಪೂ ನಿಂತು, ಯಂತ್ರವೂ ನಿಂತು, ತೊಟ್ಟಿ ಕಾದು ಹೋಗುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಸುತ್ತಲಿನ ಕಡಲಲ್ಲೇ ಹವಳಗಳು ಬಿಸಿಗೆ ಬೆಳ್ಳಗಾದವು. ಅಷ್ಟು ದೊಡ್ಡ ಕಡಲಿಗೇ ತಾಳಲಾಗಲಿಲ್ಲವೆಂದರೆ, 56 ಲೀಟರಿನ ಪಾಡೇನು?

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನು ಸೇರಿಸಿದರು. ಹುಲಿಯೂ ಅದೇ ಪಟ್ಟಿಯಲ್ಲಿದೆ. ಅವನ್ನು ಕಡಲಿನಿಂದ ಕೀಳುವುದು, ಮಾರುವುದು ಅಪರಾಧ, ಜೈಲುಶಿಕ್ಷೆಯಿದೆ. ಯಾತ್ರೆಗೆ ಹೋದಾಗ ಸಮುದ್ರತೀರದಲ್ಲಿ ಮಾರುವ ಬಿಳಿ ಹವಳದ ತುಂಡನ್ನೂ ಕೊಳ್ಳಬೇಡಿ. ಸತ್ತದ್ದಾದರೂ ಅದು ಹವಳವೇ. "ಎಲ್ಲಾ ಮನ್ಯಾಗೂ ಇಟ್ಟಾರ್ರಿ" ಎನ್ನುವ ಅಂಗಡಿಯವರ ಮಾತಿಗೆ ಮರುಳಾಗಬೇಡಿ.

ಮಾತು ಉಳಿಸಿಕೊಳ್ಳುವ ದಾರಿ

ಹುಡುಗನ ಮುಖ ಬಾಡಿತು. "ಕೇಳಿದ್ದು ಕೊಡಸ್ತೀನಿ ಅಂದಿದ್ರಿ" ಎಂದ. ಬರಿಯ ಬೇಡ ಎಂದರೆ ಮಕ್ಕಳಿಗೆ ಸಮಾಧಾನವಾಗುವುದಿಲ್ಲ; ಬೇರೊಂದು ಕೈಗೆ ಕೊಡಬೇಕು. ಅದೇ ತೊಟ್ಟಿ, ಅದೇ ಇಡುವ ಕ್ರಮ, ಆದರೆ ಸಿಹಿನೀರು, ಹವಳದ ಬದಲು ನೀರೊಳಗಿನ ಗಿಡ. ನಾವು ಮಾಡಿದ್ದು ಹೀಗೆ:

ತುಂಬಿದ ತೊಟ್ಟಿ 60 ಕಿಲೋ ಮೀರುತ್ತದೆ. ಆದ್ದರಿಂದ ಗಟ್ಟಿ ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ ಇಡಿರಿ. ತಳಕ್ಕೆ ಚೆನ್ನಾಗಿ ತೊಳೆದ ಮರಳು ಹಾಸಿರಿ.

ಹಿಂದಿನ ಸಾಲಿಗೆ ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ. ಬೋರಿನ ಗಡಸು ನೀರೂ ಇದಕ್ಕೆ ಒಗ್ಗುತ್ತದೆ. ಬೇರು ಮಾತ್ರ ಹೂಳಬೇಕು, ಬುಡದ ಸುಳಿ ಮರಳಿನ ಮೇಲಿರಲಿ. ನಡುವಿನ ಕಲ್ಲಿಗೆ ಜಾವಾ ಫರ್ನನ್ನು ದಾರದಿಂದ ಕಟ್ಟಿರಿ. ಅದರ ಗೆಡ್ಡೆಯನ್ನು ಹೂತರೆ ಕೊಳೆಯುತ್ತದೆ. ಕಲ್ಲಿನ ನೆರಳಿಗೆ ಆನುಬಿಯಾಸ್. ಮುಂದಿನ ಜಾಗ ಖಾಲಿ ಬಿಡಿ, ಮೀನು ಆಡಲಿ.

ಮೀನನ್ನು ಮೊದಲ ದಿನವೇ ಬಿಡಬೇಡಿ. ಗಿಡ ಬೇರೂರಲಿ, ಕೆಲವು ವಾರ ಕಳೆಯಲಿ. ಆಮೇಲೆ ನಾಲ್ಕಾರು ಗಪ್ಪಿ ಸಾಕು, ಗಡಸು ನೀರು ಅವಕ್ಕೆ ಇಷ್ಟ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನಿನ ಗಾಳಿ ಬೀಸಿದರೆ, ಮಣ್ಣಿನ ಗಡಿಗೆಯ ನೀರಿನ ಹಾಗೆ ತುಸು ತಂಪಾಗುತ್ತದೆ. ಬೇಡವಾದ ಮೀನು, ಗಿಡಗಳನ್ನು ಮಾತ್ರ ಕೆರೆಗೋ ಕಾಲುವೆಗೋ ಬಿಡಬಾರದು.

ತಂಗಿಯ ಮನೆಯ ತೊಟ್ಟಿ ಆ ಬೇಸಿಗೆಯನ್ನು ದಾಟಿತು. ಎರಡು ಸಲ ಕರೆಂಟು ಹೋಗಿ ರಾತ್ರಿಯಿಡೀ ಬರಲಿಲ್ಲ, ಒಂದು ಮೀನೂ ಸಾಯಲಿಲ್ಲ. ಉಳಿದ ಹಣದಲ್ಲಿ ದೀಪಾವಳಿಗೆ ಮಗನನ್ನು ಮುರ್ಡೇಶ್ವರಕ್ಕೆ ಕರೆದೊಯ್ಯುತ್ತಾರಂತೆ. ಅಲ್ಲಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ನಡುಗಡ್ಡೆ. ಅದರ ಸುತ್ತ ಕನ್ನಡ ನಾಡಿನದೇ ಹವಳಗಳಿವೆ, ತಮ್ಮ ಜಾಗದಲ್ಲಿ, ತಮ್ಮ ನೀರಿನಲ್ಲಿ.

"ಈಗ ಮಾತು ಉಳೀತಲ್ಲಕ್ಕ" ಎಂದಳು ತಂಗಿ. ಉಳಿಯಿತು, ಹವಳದ ಜೀವವೂ ಉಳಿಯಿತು.