ಬಿಗುಮಾನವೋ, ಸ್ವಾಭಿಮಾನವೋ?

ಕಾದಂಬರಿಯ ಪ್ರೇಮಿಗಳಿಗೆ ಅಡ್ಡ ಬರುವವರು ಯಾರು? ನಾವು ಸಾಮಾನ್ಯವಾಗಿ ಹಿರಿಯರನ್ನೋ, ಜಾತಿಯನ್ನೋ, ಬಡತನವನ್ನೋ ಹೆಸರಿಸುತ್ತೇವೆ. ಆದರೆ ಎಷ್ಟೋ ವೇಳೆ ಇವೆಲ್ಲಕ್ಕಿಂತ ಗಟ್ಟಿಯಾದ ಗೋಡೆ ಪ್ರೇಮಿಗಳ ಎದೆಯೊಳಗೇ ಇರುತ್ತದೆ. ಇಂಗ್ಲಿಷರು ಅದಕ್ಕೆ ‘ಪ್ರೈಡ್’ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ನಮ್ಮಲ್ಲಿ ಜಂಬ, ಹಮ್ಮು, ಬಿಗುಮಾನ, ಸ್ವಾಭಿಮಾನ ಎಂದು ಬೇರೆ ಬೇರೆ ಮಾತುಗಳುಂಟು. ಅಭಿಮಾನವೆಂಬುದಂತೂ ಹೆಮ್ಮೆಯೂ ಹೌದು, ಪ್ರೀತಿಯೂ ಹೌದು!

ನಾವು ನೆಲೆಸಿರುವ ಈ ಲಂಡನ್ನಿನಲ್ಲೇ 1813ರ ಜನವರಿಯಲ್ಲಿ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಪ್ರಕಟವಾಯಿತು. ಸಿರಿವಂತ ಡಾರ್ಸಿ ಎಲಿಜಬೆತ್‌ಳನ್ನು ಮೆಚ್ಚಿ, ಮದುವೆಯಾಗೆಂದು ಕೇಳುತ್ತಾನೆ. ಕೇಳುವಾಗಲೇ ಆಕೆಯ ಮನೆತನ ತನಗೆ ಎಷ್ಟು ಕೀಳೆಂಬುದನ್ನೂ ವಿವರಿಸುತ್ತಾನೆ! ಆಕೆ ಖಂಡಿತವಾಗಿ ಒಲ್ಲೆನೆನ್ನುತ್ತಾಳೆ. ಅವಳ ಮನಸ್ಸಿನಲ್ಲೂ ಗಾಯವಿತ್ತು. ಮೊದಲ ಭೇಟಿಯಲ್ಲಿ ಅವನು ತನ್ನ ರೂಪವನ್ನು ಹಗುರವಾಗಿ ಆಡಿದ್ದನ್ನು ಅವಳು ಮರೆತಿರಲಿಲ್ಲ. ಹೀಗಾಗಿ ಅವನ ಬಗೆಗೆ ಕೇಳಿದ ಚಾಡಿಯನ್ನೂ ಸುಲಭವಾಗಿ ನಂಬಿದಳು.

ಈ ಗೋಡೆ ಬಿದ್ದದ್ದು ಹೇಗೆ? ಎಲಿಜಬೆತ್‌ಳ ಸೋದರಮಾವ ವ್ಯಾಪಾರಿ. ಅವನ ಮನೆ ಲಂಡನ್ ಸಿಟಿಯ ಗ್ರೇಸ್‌ಚರ್ಚ್ ಸ್ಟ್ರೀಟಿನಲ್ಲಿ. ಇಂಥ ನೆಂಟಸ್ತಿಕೆಯೇ ಡಾರ್ಸಿಯ ಬಳಗಕ್ಕೆ ನಗೆಪಾಟಲಾಗಿತ್ತು. ಆಕೆಯ ತಂಗಿ ಓಡಿಹೋದಾಗ ಡಾರ್ಸಿ ತಾನಾಗಿಯೇ ಆ ಮನೆಯ ಬಾಗಿಲಿಗೆ ಬಂದ. ತಾನು ಅಸಹ್ಯಪಡುವ ವಿಕಮ್‌ನ ಸಾಲ ತೀರಿಸಿ ಮದುವೆ ಮಾಡಿಸಿದ. ತನ್ನ ಹೆಸರು ಹೊರಬೀಳಬಾರದೆಂದೂ ಕೇಳಿಕೊಂಡ. ಅಹಂಕಾರ ಕರಗಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ತ್ರಿವೇಣಿಯವರ ‘ಬೆಳ್ಳಿ ಮೋಡ’ಕ್ಕೆ ಬರೋಣ. 1967ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಿತ್ರವಾಗಿಸಿದರು. ಕಲ್ಪನಾ ಇಂದಿರೆಯಾದರು, ಕಲ್ಯಾಣ್ ಕುಮಾರ್ ಮೋಹನನಾದರು. ಇಂದಿರೆಯ ತಂದೆಯ ಹಣದಿಂದ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿಯ ಆಸೆ ತಪ್ಪಿದೊಡನೆ ಮೋಹನನ ಪ್ರೀತಿಯೂ ಆರುತ್ತದೆ. ಮುಂದೆ ಪೆಟ್ಟುಬಿದ್ದು ಮಲಗಿದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಪಶ್ಚಾತ್ತಾಪ, ಮದುವೆಯಾಗೋಣವೆನ್ನುತ್ತಾನೆ. ಇಂದಿರೆ ಒಪ್ಪುವುದಿಲ್ಲ.

“ಪಾಪ, ಇಷ್ಟು ಬಿಗುಮಾನವೇಕೆ? ಒಪ್ಪಿದ್ದರೆ ಸುಖವಾಗಿರುತ್ತಿದ್ದಳು” ಎನ್ನುವ ಓದುಗರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಡಾರ್ಸಿ ತಿರಸ್ಕಾರವನ್ನು ನುಂಗಿಕೊಂಡು, ಪ್ರತಿಫಲ ಬಯಸದೆ ದುಡಿದ. ಮೋಹನನಾದರೋ ಆರೈಕೆ ಪಡೆದ ಮೇಲೆ ಬದಲಾದ. ಅವನ ಪಶ್ಚಾತ್ತಾಪ ನಿಜವೇ ಇರಬಹುದು. ಆದರೆ ಅದಕ್ಕಾಗಿ ಅವನು ತೆತ್ತದ್ದೇನು? ಒಬ್ಬಳು ಒಪ್ಪಿದ್ದೂ ಸರಿ, ಇನ್ನೊಬ್ಬಳು ಒಪ್ಪದಿದ್ದುದೂ ಸರಿ.

ಈ ಮಾತು ಕಾದಂಬರಿಗಷ್ಟೇ ಸಲ್ಲುವುದಲ್ಲ. ಸಂಬಂಧ ಕುದುರಿಸುವಾಗ ಮನೆಯೆಷ್ಟು, ಡಿಗ್ರಿಯೇನು, ಊರು ಯಾವುದು ಎಂದು ಅಳೆಯುವುದರಲ್ಲಿ ನಾವು ಕಡಲು ದಾಟಿ ಬಂದವರೂ ಹಿಂದೆ ಬಿದ್ದಿಲ್ಲ. ಆ ಅಳತೆಗೆ ನೊಂದು ಮಗಳು ‘ಬೇಡ’ ಎಂದರೆ ಅವಳಿಗೆ ಜಂಬವೆನ್ನುತ್ತೇವೆ. ಅಳೆಯಲು ಹೊರಟವರದು ಜಂಬವೋ, ಅಳೆಸಿಕೊಳ್ಳಲು ಒಲ್ಲದವಳದೋ? ಕೆಡವಬೇಕಾದ ಗೋಡೆ ಬೇರೆ, ಮನೆಯನ್ನು ಹೊತ್ತು ನಿಂತ ಗೋಡೆ ಬೇರೆ. ಯಾವುದು ಯಾವುದೆಂದು ನೋಡಿಕೊಂಡು ಹಾರೆ ಎತ್ತುವುದು ಲೇಸು.