ಬಾಗಿಲಲ್ಲಿ ‘ಪೊಲೀಸ್’ ಎಂಬ ದನಿ: ಕಣ್ಣು ಕಾಣದವರು ಗುರುತು ಖಚಿತಪಡಿಸಿಕೊಳ್ಳುವುದು ಹೇಗೆ?



ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದ ಹೊತ್ತು. ಯಾರೋ ಬಾಗಿಲು ಬಡಿದು, ಹಿಂದಿಯಲ್ಲಿ ‘ಪೊಲೀಸ್, ಬಾಡಿಗೆದಾರರ ಪರಿಶೀಲನೆಗೆ ಬಂದಿದ್ದೇನೆ’ ಅಂದರು. ಇವರು ಗುರುತಿನ ಚೀಟಿ ಕೇಳಿದರು. ಬಂದವರು ತಡಮಾಡದೆ ಕಾರ್ಡನ್ನು ಇವರ ಕೈಯಲ್ಲಿಟ್ಟರು. ‘ನುಣುಪಾದ ಪ್ಲಾಸ್ಟಿಕ್ ತುಂಡು. ನನ್ನ ಎ.ಟಿ.ಎಂ. ಕಾರ್ಡಿಗೂ ಅದಕ್ಕೂ ಬೆರಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ’ ಎಂದು ಆಮೇಲೆ ನನಗೆ ಹೇಳಿದರು. ಇನ್ನೇನು ಮಾಡುವುದೆಂದು ತೋಚದೆ ಆಧಾರ್ ಪ್ರತಿ, ಮಗನ ಫೋನ್ ನಂಬರು, ಬಾಡಿಗೆ ಕರಾರು ಎಲ್ಲ ಕೊಟ್ಟು ಕಳಿಸಿದರು.

ರಾತ್ರಿ ಮಗ ಬಂದು ‘ಯಾರು ಬಂದಿದ್ದರು? ಹೆಸರೇನು? ಯಾವ ಠಾಣೆ?’ ಎಂದು ಕೇಳಿದಾಗ ಒಂದಕ್ಕೂ ಉತ್ತರವಿರಲಿಲ್ಲ. ಮೂರು ರಾತ್ರಿ ಅವರಿಗೆ ನಿದ್ದೆ ಇಲ್ಲ. ನಾಲ್ಕನೆಯ ದಿನ ನಾನೇ ಅವರ ಕೈಹಿಡಿದು ಠಾಣೆಗೆ ಕರೆದುಕೊಂಡು ಹೋದೆ. ಬಂದವರು ನಿಜವಾದ ಪೊಲೀಸರೇ ಆಗಿದ್ದರು. ಅವರೇ ಎದುರಿಗೆ ಬಂದು, ‘ಅಜ್ಜಾ, ಆಗಲೇ ಠಾಣೆಗೆ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ, ನಾನು ನಿಂತಿರುತ್ತಿದ್ದೆ’ ಎಂದರು. ಆ ಮಾತೇ ಈ ಲೇಖನಕ್ಕೆ ಕಾರಣ.

ಕಾರ್ಡು ಏಕೆ ಸಾಲದು

ನಮ್ಮ ನೂರು ರೂಪಾಯಿ ನೋಟಿನಲ್ಲಿ ಬೆರಳಿಗೆ ಸಿಗುವ ತ್ರಿಕೋನ ಮತ್ತು ಅಂಚಿನಲ್ಲಿ ನಾಲ್ಕು ಉಬ್ಬು ಗೆರೆಗಳಿವೆ. ಐನೂರರ ನೋಟಿನಲ್ಲಿ ವೃತ್ತ ಮತ್ತು ಐದು ಗೆರೆಗಳು. ಅಂಧರಿಗೆಂದೇ ಮಾಡಿದ ಏರ್ಪಾಡು ಅದು. ನಮ್ಮ ಸದಸ್ಯರ ಕೈಗೆ ಬಂದ ಕಾರ್ಡಿನಲ್ಲಿ ಅಂಥದ್ದೇನೂ ಇರಲಿಲ್ಲ.

ಮೊಬೈಲ್ ಕ್ಯಾಮೆರಾ ಹಿಡಿದರೆ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್‌ಗಳು ಈಗ ಇವೆ, ನಿಜ. ಆದರೆ ಅವು ಕಾರ್ಡಿನ ಮೇಲೆ ಏನು ಬರೆದಿದೆ ಎಂದು ಹೇಳುತ್ತವೆಯೇ ಹೊರತು, ಆ ಕಾರ್ಡು ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ಹಾಗೆ ನೋಡಿದರೆ ಕಣ್ಣಿದ್ದವರ ಸ್ಥಿತಿಯೂ ಅದೇ. ‘ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಈ ಕಾಗದದಲ್ಲಿ ಕಟ್ಟಿಕೊಳ್ಳಿ’ ಎಂದು ಪೊಲೀಸರ ವೇಷದಲ್ಲಿ ಮೋಸ ಮಾಡುವವರಿಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಕಣ್ಣು ಕಾಣುವವರೇ. ನಾನು ಗುಮಾಸ್ತನಾಗಿ ಬಾಳೆಲ್ಲ ಮೊಹರು, ಸಹಿ, ಜಾವಕ ಸಂಖ್ಯೆ ನೋಡಿ ಕಾಗದ ನಂಬಿದವನು. ಅನುಮಾನ ಬಂದರೆ ಕಾಗದವನ್ನು ಎಷ್ಟು ದಿಟ್ಟಿಸಿದರೂ ಫಲವಿಲ್ಲ. ಅದು ಹೊರಟ ಕಚೇರಿಗೆ ಕೇಳಬೇಕು. ಇಲ್ಲಿಯೂ ಅದೇ ನಿಯಮ. ಗುರುತು ಖಚಿತವಾಗುವುದು ಕಾರ್ಡಿನಿಂದಲ್ಲ, ಠಾಣೆಯಿಂದ. ಆ ಕೆಲಸಕ್ಕೆ ಕಣ್ಣು ಬೇಡ, ಫೋನು ಸಾಕು.

ಬಾಗಿಲಲ್ಲಿ ಮಾಡಬೇಕಾದ್ದು

1. ಬಾಗಿಲು ತೆರೆಯುವ ಮುಂಚೆ, ಚಿಲಕ ಹಾಕಿಕೊಂಡೇ ಮಾತಾಡಿ. ‘ನನಗೆ ಕಣ್ಣು ಕಾಣುವುದಿಲ್ಲ, ಠಾಣೆಗೆ ಕೇಳಿ ಬಾಗಿಲು ತೆರೆಯುತ್ತೇನೆ’ ಎಂದು ಸಮಾಧಾನದಿಂದ ತಿಳಿಸಿ. ಮನೆಯಲ್ಲಿ ಒಬ್ಬರೇ ಇದ್ದೀರಿ ಎಂದು ಮಾತ್ರ ಹೇಳಬೇಡಿ.

2. ಐದು ಪ್ರಶ್ನೆ ಕೇಳಿ: ಹೆಸರು, ಹುದ್ದೆ, ಬಕಲ್ ನಂಬರು, ಠಾಣೆ, ಬಂದ ಕಾರಣ. ಉತ್ತರಗಳನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡರೆ ಮರೆಯುವ ಭಯವಿಲ್ಲ.

3. ಠಾಣೆಗೆ ನೀವೇ ಫೋನ್ ಮಾಡಿ. ಬಂದವರು ಕೊಟ್ಟ ನಂಬರಿಗೆ ಮಾಡಬೇಡಿ, ಅವರು ಹಚ್ಚಿಕೊಟ್ಟ ಫೋನಿನಲ್ಲೂ ಮಾತಾಡಬೇಡಿ. ನಿಮ್ಮ ಠಾಣೆಯ ನಂಬರನ್ನು ಇವತ್ತೇ ಉಳಿಸಿಟ್ಟುಕೊಳ್ಳಿ. ಅದು ಸಿಗದಿದ್ದರೆ 112ಕ್ಕೆ ಕರೆ ಮಾಡಿ. ಗಡಿ ಊರುಗಳಲ್ಲಿ ಆಚೆ ರಾಜ್ಯದ ಸಿಗ್ನಲ್ ಹಿಡಿಯುವುದುಂಟು. ಆದ್ದರಿಂದ 112ರಲ್ಲಿ ಮೊದಲು ರಾಜ್ಯದ ಹೆಸರು, ಆಮೇಲೆ ಊರು ಹೇಳಿ.

4. ಕೇಳಬೇಕಾದ್ದು ಇಷ್ಟೇ: ‘ಇಂಥ ಹೆಸರಿನ, ಇಂಥ ನಂಬರಿನವರನ್ನು ನನ್ನ ಮನೆಗೆ ಈ ಕೆಲಸಕ್ಕೆ ಕಳಿಸಿದ್ದೀರಾ?’

5. ಉತ್ತರ ಬರುವ ತನಕ ನೆರೆಯವರೊಬ್ಬರನ್ನು ಕೂಗಿ ಕರೆಯಿರಿ, ಅಥವಾ ಮನೆಯವರಿಗೆ ವಿಡಿಯೊ ಕರೆ ಮಾಡಿ ಬಾಗಿಲ ಕಡೆ ಹಿಡಿಯಿರಿ.

ಬೂಟಿನ ಸದ್ದು, ವಾಕಿಟಾಕಿ ಸದ್ದು, ಜೀಪಿನ ಸದ್ದು, ಕೈಗೆ ಸಿಕ್ಕ ಖಾಕಿ ಬಟ್ಟೆ, ಇವು ಯಾವುವೂ ಪುರಾವೆಯಲ್ಲ. ನಿಜವಾದ ಪೊಲೀಸರು ಐದು ನಿಮಿಷ ಕಾಯುತ್ತಾರೆ. ‘ಫೋನ್ ಮಾಡಬೇಡ’ ಎನ್ನುವವರ ಬಗ್ಗೆ ಅನುಮಾನಪಡಲೇಬೇಕು. ಆದರೆ ಬೆಂಕಿ, ನೆರೆ, ಪ್ರಾಣಾಪಾಯದಂಥ ಹೊತ್ತಿನಲ್ಲಿ ತಡೆಯಬೇಡಿ. ವಿಚಾರಿಸಿ ನೋಡುವುದು ಬೇರೆ, ಅಡ್ಡಿಪಡಿಸುವುದು ಬೇರೆ. ಮಾತು ಯಾವಾಗಲೂ ನಯವಾಗಿರಲಿ.

ಕಾನೂನು ಏನು ಹೇಳುತ್ತದೆ

ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಒಂದು ತೀರ್ಪು ಕೊಟ್ಟಿತು. ಬಂಧಿಸಲು ಬರುವ ಪೊಲೀಸರು ಹೆಸರು ಮತ್ತು ಹುದ್ದೆಯ ಪಟ್ಟಿಯನ್ನು ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಎಂಬುದು ಅದರ ಒಂದು ಅಂಶ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಹೆಸರಿನ ಗುರುತು ನಿಖರವಾಗಿ, ಕಾಣುವಂತೆ, ಸ್ಪಷ್ಟವಾಗಿ ಇರಬೇಕೆಂದಿದೆ. ‘ಕಾಣುವಂತೆ’ ಎಂಬ ಪದ ನೋಡಿ. ಕಾಣದವರಿಗೆ ಹೇಗೆ ಎಂದು ಅಲ್ಲಿ ಬರೆದಿಲ್ಲ. ಆದರೆ ನಿಯಮದ ಉದ್ದೇಶ ಗುರುತು ತಿಳಿಯಲಿ ಎಂಬುದೇ ಆದ್ದರಿಂದ, ‘ಹೆಸರು, ನಂಬರು ಬಾಯಲ್ಲಿ ಹೇಳಿ’ ಎಂದು ಕೇಳುವುದು ಪೂರ್ತಿ ನ್ಯಾಯವಾದ ಮಾತು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಕೂಡ ಸಮಾನತೆಯ ಮತ್ತು ನ್ಯಾಯ ಪಡೆಯುವ ಹಕ್ಕನ್ನು ಕೊಡುತ್ತದೆ.

ನೆನಪಿಡಬೇಕಾದ ಇನ್ನೂ ಕೆಲವು ಅಂಶಗಳು:

– ಪ್ರಕರಣದ ಬಗ್ಗೆ ತಿಳಿದವರೆಂದು, ಅಂದರೆ ಸಾಕ್ಷಿಯಾಗಿ ವಿಚಾರಿಸುವುದಿದ್ದರೆ, ಅಂಗವಿಕಲರನ್ನು, ಮಹಿಳೆಯರನ್ನು ಮತ್ತು 60 ದಾಟಿದ ಪುರುಷರನ್ನು ಠಾಣೆಗೆ ಬರಲೇಬೇಕೆಂದು ಹೇಳುವಂತಿಲ್ಲ. ಅವರು ವಾಸವಿರುವಲ್ಲಿಗೇ ಬಂದು ವಿಚಾರಿಸಬೇಕು (179ನೇ ಕಲಂ). ತಾವಾಗಿ ಹೋಗಲು ಇಷ್ಟವಿದ್ದರೆ ಹೋಗಬಹುದು.

– ಬಂಧಿಸುವುದಿದ್ದರೆ ಕಾರಣ ತಿಳಿಸಬೇಕು, ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ನೆಂಟರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸುವ ಹಕ್ಕು ನಿಮಗಿದೆ.

– ಸಾಕ್ಷಿಯಾಗಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ (181ನೇ ಕಲಂ). ಬೇರೆ ಯಾವುದೇ ಕಾಗದವಿರಲಿ, ನಿಮ್ಮ ನಂಬಿಕೆಯವರು ಪೂರ್ತಿ ಓದಿ ಹೇಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿ.

– ಸರ್ಕಾರಿ ನೌಕರನೆಂದು ಸುಳ್ಳು ವೇಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಂತೆ ಅಪರಾಧ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದ್ದರಿಂದ ಅನುಮಾನ ಬಂದರೆ ನಾಚಿಕೆ ಬಿಟ್ಟು ದೂರು ಕೊಡಿ.

ಫೋನಿನಲ್ಲಿ ಬರುವ ‘ಪೊಲೀಸ್’

ಬಾಗಿಲಿಗಿಂತ ಹೆಚ್ಚು ಅಪಾಯ ಈಗ ಫೋನಿನಲ್ಲಿದೆ. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂದು ಹೆದರಿಸಿ ಹಣ ಹಾಕಿಸಿಕೊಳ್ಳುತ್ತಾರೆ. 2024ರ ಅಕ್ಟೋಬರಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಈ ಬಗ್ಗೆ ಎಚ್ಚರಿಸಿದಾಗ ಎತ್ತಿಕೊಂಡ ಉದಾಹರಣೆ ನಮ್ಮ ವಿಜಯಪುರದವರೊಬ್ಬರದು. ವಿಡಿಯೊ ಕರೆಯಲ್ಲಿ ಸಮವಸ್ತ್ರ, ಠಾಣೆಯ ಗೋಡೆ ಎಲ್ಲ ತೋರಿಸಿ ನಂಬಿಸುತ್ತಾರೆ. ನಮ್ಮ ಅಂಧ ಸದಸ್ಯರಿಗೆ ಆ ವೇಷ ಕಾಣುವುದಿಲ್ಲ, ಆದರೆ ಗದರಿಕೆಯ ದನಿ ಕೇಳಿಸುತ್ತದಲ್ಲ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಕರೆ ಕತ್ತರಿಸಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ತಿಳಿಸಿ. ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ.

ಗಡಿ ದಾಟುವಾಗ

ಪೋಳೆಂ, ಮೊಲೆಮ್ ಚೆಕ್‌ಪೋಸ್ಟ್‌ಗಳಲ್ಲಿ ಬಸ್ಸು ಹತ್ತಿ ಚೀಲ ನೋಡುವುದು ನಮಗೆಲ್ಲ ಗೊತ್ತು. ಆಗ ಕಂಡಕ್ಟರನ್ನು ಕರೆದು, ‘ಇವರ ಹೆಸರಿನ ಪಟ್ಟಿ ಓದಿ ಹೇಳಿ’ ಎನ್ನಿ. ಚೀಲವನ್ನು ನಿಮ್ಮ ಮುಂದೆ, ಕಂಡಕ್ಟರ ಎದುರಿಗೇ ತೆರೆಯಲಿ. ಬಸ್ಸಿನಿಂದ ಒಬ್ಬರೇ ಇಳಿದು ಹೋಗಬೇಡಿ. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ. ಬೋಗಿಯ ಸಂಖ್ಯೆ, ಸೀಟು ಸಂಖ್ಯೆ ಹೇಳಿ.

ಕಣ್ಣಿರುವ ಸದಸ್ಯರಲ್ಲಿ ವಿನಂತಿ

ಇಂಗ್ಲೆಂಡಿನಲ್ಲಿ ವಿದ್ಯುತ್, ಅನಿಲ, ನೀರಿನ ಕಂಪನಿಗಳು ಅಂಧ ಗ್ರಾಹಕರಿಗೆ ಒಂದು ಗುಪ್ತಪದದ ಸೌಲಭ್ಯ ಕೊಡುತ್ತವೆ. ಮನೆಗೆ ಬಂದ ನೌಕರ ಆ ಪದ ಹೇಳಿದರೆ ಮಾತ್ರ ಬಾಗಿಲು. ನಮ್ಮ ಬೀಟ್ ಪೊಲೀಸರೊಡನೆ ಇಂಥದ್ದೇ ಏರ್ಪಾಡು ಮಾಡಿಕೊಳ್ಳಬಹುದೇ ಎಂದು ಠಾಣೆಗಳಲ್ಲಿ ಕೇಳಿನೋಡುವ ಯೋಚನೆ ಸಂಘಕ್ಕಿದೆ. 2023ರ ಜನವರಿಯಲ್ಲಿ ಅಂಗವಿಕಲರಿಗಾಗಿ ಪರ್ಪಲ್ ಫೆಸ್ಟ್ ಎಂಬ ದೊಡ್ಡ ಉತ್ಸವ ಪಣಜಿಯಲ್ಲಿ ನಡೆದದ್ದು ನೆನಪಿರಬಹುದು. ಅಂಥ ಗೋವಾದಲ್ಲಿ ಈ ಸಣ್ಣ ಮಾತು ಕಿವಿಗೆ ಬೀಳದೆ ಇರಲಾರದು ಎಂಬುದು ನನ್ನ ನಂಬಿಕೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ನಿಮ್ಮ ಓಣಿಯಲ್ಲಿ ಕಣ್ಣು ಕಾಣದವರಿದ್ದರೆ ಅವರ ಮನೆಗೆ ಹೋಗಿ, ಠಾಣೆಯ ನಂಬರು, 112, 1930, ನಿಮ್ಮ ನಂಬರು, ಈ ನಾಲ್ಕನ್ನು ಅವರ ಫೋನಿನಲ್ಲಿ ಹೆಸರು ಹೇಳಿದರೆ ಹೋಗುವಂತೆ ಇಟ್ಟುಕೊಡಿ. ಒಮ್ಮೆ ಅವರಿಂದಲೇ ಕರೆ ಮಾಡಿಸಿ ನೋಡಿ. ಈ ಲೇಖನವನ್ನು ಅವರಿಗೆ ಓದಿ ಹೇಳಿ. ಮುಂದಿನ ಮಾಸಿಕ ಸಭೆಯಲ್ಲಿಯೂ ಓದಲಾಗುವುದು, ಆಗ ಧ್ವನಿಮುದ್ರಣ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ.

ನಮ್ಮ ಆ ಹಿರಿಯರು ಈಗ ಬಾಗಿಲ ಪಕ್ಕದ ಮೊಳೆಗೆ ಫೋನನ್ನು ಚೀಲದಲ್ಲಿ ತೂಗುಹಾಕಿದ್ದಾರೆ. ಹೋದ ತಿಂಗಳು ನಾನೇ ಹೋಗಿ ಬಾಗಿಲು ಬಡಿದಾಗ ಹೆಸರು, ಊರು, ಬಂದ ಕಾರಣ ಎಲ್ಲ ಕೇಳಿಯೇ ಚಿಲಕ ತೆಗೆದರು. ಚಹಾ ಮಾತ್ರ ಕೂಡಲೇ ಬಂತು.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ